ಹಳೆಯ ಜೀಪು, ಕಾರುಗಳ ವೀಲ್ ಬೇರಿಂಗ್ ಮತ್ತು ಗ್ರೀಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಗಾಡಿ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉದಾಹರಣೆ ಜಾಸ್ತಿ ಮಹೀಂದ್ರ ಜೀಪಿನದು, ಅಂದರೆ ಸಿಜೆ-3ಬಿ, ಎಂಎಂ540 ಬಗೆಯವು. ಮಲೆನಾಡು, ಕೊಡಗಿನ ತೋಟಗಳಲ್ಲಿ ಅವು ಇನ್ನೂ ದುಡಿಯುತ್ತಿವೆ. ಮುಂದಿನ ಹಬ್ (ಬೇರಿಂಗ್ ಕೂತಿರುವ, ಚಕ್ರದ ನಡುಭಾಗ) ಬಿಚ್ಚಿ ಜೋಡಿಸುವುದನ್ನು ಅದರಲ್ಲಿ ಕಲಿತರೆ ಉಳಿದ ಗಾಡಿಗಳು ಕಷ್ಟ ಅನಿಸುವುದಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದ ಮಟ್ಟಿಗೆ ಗ್ರೀಸ್ ಸಾಲದೆ ಹಾಳಾದ ಬೇರಿಂಗ್ ಕಡಿಮೆ. ನೀರು, ಮಣ್ಣು, ಇಲ್ಲವೇ ಅತಿಯಾಗಿ ಬಿಗಿದ ನಟ್ಟು, ಈ ಮೂರರಿಂದ ಹಾಳಾದವೇ ಜಾಸ್ತಿ.

ನನ್ನ ಗಾಡಿಯದು ಗ್ರೀಸ್ ಹಾಕುವ ಬೇರಿಂಗೋ, ಸೀಲ್ ಆಗಿ ಬರುವುದೋ?

ಚಕ್ರದ ನಡುವಿನ ಡಸ್ಟ್ ಕ್ಯಾಪ್ ತೆಗೆದು ನೋಡಿ. ಕ್ಯಾಸಲ್ ನಟ್ಟು (ತಲೆಯಲ್ಲಿ ಸೀಳುಗಳಿರುವ ನಟ್ಟು), ಅದು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ನು, ಸುತ್ತ ಗ್ರೀಸ್ ಕಂಡರೆ ಸಾಮಾನ್ಯವಾಗಿ ಅದು ಬಿಚ್ಚಿ ತೊಳೆದು ಗ್ರೀಸ್ ತುಂಬುವ ಬಗೆ. ಹಿಂದಿನ ಚಕ್ರದಿಂದ ಎಳೆಯುವ ಹಳೆಯ ಗಾಡಿಗಳ ಮುಂದಿನ ಹಬ್‌ಗಳು ಬಹುತೇಕ ಹೀಗೇ ಇರುತ್ತವೆ. ಈಗಿನ ಕಾರುಗಳಲ್ಲಿ ಇಡೀ ಹಬ್ಬೇ ಒಂದು ಸೀಲ್ ಆದ ಯೂನಿಟ್. ಅದಕ್ಕೆ ಗ್ರೀಸ್ ಹಾಕಲು ಆಗುವುದಿಲ್ಲ, ಸದ್ದು ಬಂದರೆ ಬದಲಿಸುವುದೇ.

ಬಿಚ್ಚುವ ಬಗೆಯಲ್ಲೂ ಎರಡು ಜಾತಿ. ಒಂದರಲ್ಲಿ ಓರೆಯಾಗಿ ನಿಂತ ರೋಲರ್‌ಗಳು, ಅಂದರೆ ಟೇಪರ್ ರೋಲರ್. ಒಳಗಿನ ತುಂಡನ್ನು ಕೋನ್ ಅಂತಲೂ, ಹಬ್ಬಿನಲ್ಲಿ ಕೂತಿರುವ ಉಂಗುರವನ್ನು ಕಪ್ ಅಂತಲೂ ಕರೆಯುತ್ತಾರೆ. ಇನ್ನೊಂದರಲ್ಲಿ ಗುಂಡುಗಳು, ಅದು ಬಾಲ್ ಬೇರಿಂಗ್. ನಿಮ್ಮದು ಯಾವುದು ಅಂತ ಕಣ್ಣಾರೆ ನೋಡಿದ ಮೇಲೇ ಮುಂದುವರಿಯಿರಿ. ನಟ್ಟು ಬಿಗಿಯುವ ರೀತಿ ಎರಡಕ್ಕೂ ಪೂರ್ತಿ ಬೇರೆ.

ಬೇರಿಂಗ್ ಹೋಗುತ್ತಿದೆ ಅಂತ ಓಡಿಸುವಾಗ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಗುಂಯ್ ಅನ್ನುವ ಸದ್ದು ಶುರುವಾಗಿ, ವೇಗ ಏರಿದಂತೆ ಏರುತ್ತದೆ. ಗೇರ್ ಬದಲಿಸಿದರೂ, ಕ್ಲಚ್ ಒತ್ತಿದರೂ ಸದ್ದು ಬದಲಾಗುವುದಿಲ್ಲ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಬಲಕ್ಕೆ ತಿರುಗಿದಾಗ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಅನುಮಾನ ಎಡಗಡೆಯ ಬೇರಿಂಗ್ ಮೇಲೆ.

ಟೈರಿನ ಸದ್ದು ಇದೇ ಥರ ಮೋಸ ಮಾಡುತ್ತದೆ, ಅದರಲ್ಲೂ ದಪ್ಪ ಬಟನ್ ಟೈರ್ ಹಾಕಿದ ಜೀಪಿನಲ್ಲಿ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದ ಕೂಡಲೇ ಸದ್ದು ಬದಲಾದರೆ ಅದು ಟೈರು. ಬೇರಿಂಗ್‌ಗೆ ರಸ್ತೆ ಯಾವುದಾದರೂ ಒಂದೇ.

ಇನ್ನೊಂದು ಪರೀಕ್ಷೆ ಇದೆ. ಜಾಕಿ ಕೊಟ್ಟು ಚಕ್ರ ಎತ್ತಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಪಟ್ಟಾ ಅಥವಾ ಕಾಯಿಲ್ ಸ್ಪ್ರಿಂಗ್ ಮೇಲೆ ಇಡಿ. ಒರಟಾದ ಬೇರಿಂಗಿನ ನಡುಕ ಸ್ಪ್ರಿಂಗ್ ಮೂಲಕ ಬೆರಳಿಗೆ ಬರುತ್ತದೆ, ಕಿವಿಗೆ ಕೇಳಿಸುವ ಮೊದಲೇ.

ಚಕ್ರ ಹಿಡಿದು ಅಲ್ಲಾಡಿಸಿದರೆ ಆಟ ಇದೆ. ಬೇರಿಂಗೇ ಅಲ್ವಾ?

ಹಾಗೇನಿಲ್ಲ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಒಮ್ಮೆ, ಎಡ-ಬಲ ಹಿಡಿದು ಒಮ್ಮೆ ಅಲ್ಲಾಡಿಸಿ. ಎರಡೂ ಕಡೆ ಆಟ ಇದ್ದರೆ ಬೇರಿಂಗ್ ಇರಬಹುದು. ಎಡ-ಬಲ ಮಾತ್ರ ಇದ್ದರೆ ಸ್ಟೀರಿಂಗ್ ರಾಡಿನ ತುದಿಗಳನ್ನು ನೋಡಿ. ಮೇಲೆ-ಕೆಳಗೆ ಮಾತ್ರ ಇದ್ದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು) ಮೇಲೂ ಅನುಮಾನ ಇರಲಿ.

ಖಚಿತ ಮಾಡಿಕೊಳ್ಳಲು ಮನೆಯವರನ್ನು ಯಾರನ್ನಾದರೂ ಕೂರಿಸಿ ಬ್ರೇಕ್ ಒತ್ತಿಸಿ. ಒತ್ತಿದಾಗ ಹಬ್ಬೂ ಅದು ಕೂತಿರುವ ಸ್ಟಬ್ ಆಕ್ಸಲ್ಲೂ ಒಂದಾಗುತ್ತವೆ. ಆಟ ಮಾಯವಾದರೆ ಅದು ಬೇರಿಂಗಿನದು. ಬ್ರೇಕ್ ಒತ್ತಿದರೂ ಆಟ ಹಾಗೇ ಇದ್ದರೆ ಕಿಂಗ್ ಪಿನ್ನಿನದು. ಜೀಪುಗಳಲ್ಲಿ ಇದನ್ನು ನೋಡದೆ ಸುಮ್ನೆ ಹೊಸ ವೀಲ್ ಬೇರಿಂಗ್ ಹಾಕಿಸಿ, ಮತ್ತೆ ಅದೇ ನಡುಕ ಅಂತ ಗೋಳಾಡುವವರು ತುಂಬಾ ಜನ.

ಎಷ್ಟು ಕಿಲೋಮೀಟರಿಗೊಮ್ಮೆ ಗ್ರೀಸ್ ಬದಲಿಸಬೇಕು?

ಗಾಡಿಯ ಕೈಪಿಡಿ ಇದ್ದರೆ ಅದರಲ್ಲಿ ಇದ್ದಂತೆ. ಇಲ್ಲದಿದ್ದರೆ ಡಾಂಬರು ರಸ್ತೆಯ ಗಾಡಿಗೆ 20-25 ಸಾವಿರ ಕಿಲೋಮೀಟರ್ ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ತೋಟದ ಜೀಪಿಗೆ ಈ ಲೆಕ್ಕ ಬೇಡ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚುವುದು ಒಳ್ಳೆಯದು. ಬ್ರೇಕ್ ಲೈನರ್ ಬದಲಿಸಲು ಹೇಗೂ ಡ್ರಮ್ ಬಿಚ್ಚುತ್ತೀರಿ, ಆಗ ಇದನ್ನೂ ಮುಗಿಸಿಬಿಡಿ.

ಹೊಳೆ ದಾಟಿದರೆ ನಿಜಕ್ಕೂ ತೊಂದರೆಯಾ?

ಚಕ್ರದ ನಡುಭಾಗ ಮುಳುಗದಿದ್ದರೆ ತೊಂದರೆ ಇಲ್ಲ. ಮುಳುಗಿದರೆ ಇದೆ. ಘಾಟಿ ಇಳಿದು ಬಂದ ಗಾಡಿಯ ಹಬ್ ಬ್ರೇಕಿನ ಬಿಸಿಗೆ ಕಾದಿರುತ್ತದೆ. ಅದು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ. ಆ ಎಳೆತಕ್ಕೆ ಆಯಿಲ್ ಸೀಲಿನ (ಗ್ರೀಸ್ ಹೊರಗೆ ಬರದಂತೆ ತಡೆಯುವ ಉಂಗುರ) ತುಟಿ ದಾಟಿ ನೀರು ಒಳಗೆ ಬರುತ್ತದೆ. ಸೀಲ್ ಹಳೆಯದಾದರೆ ಕೆಸರೂ ಜೊತೆಗೆ ಬರುತ್ತದೆ. ದಾಟುವ ಮೊದಲು ಐದು-ಹತ್ತು ನಿಮಿಷ ನಿಲ್ಲಿಸಿ ಹಬ್ ತಣಿಯಲು ಬಿಟ್ಟರೆ ಅರ್ಧ ಕಷ್ಟ ತಪ್ಪುತ್ತದೆ. ಆಮೇಲೆ ಆ ವಾರದಲ್ಲೇ ಒಂದು ಹಬ್ ಬಿಚ್ಚಿ ನೋಡಿ. ಗ್ರೀಸ್ ಬೆಳ್ಳಗೆ, ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆಗ ನಾಲ್ಕೂ ಚಕ್ರ ನೋಡಲೇಬೇಕು.

ಯಾವ ಗ್ರೀಸ್ ತರಬೇಕು?

ಅಂಗಡಿಯಲ್ಲಿ ಬರೀ 'ಗ್ರೀಸ್ ಕೊಡಿ' ಅನ್ನಬೇಡಿ. ಲಿಥಿಯಂ ಅಥವಾ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್ ಕೇಳಿ, ಡಬ್ಬಿಯ ಮೇಲೆ ಎನ್‌ಎಲ್‌ಜಿಐ ನಂಬರ್ 2 ಅಥವಾ 3 ಇರಲಿ. ಈ ನಂಬರ್ ಗ್ರೀಸ್ ಎಷ್ಟು ಗಟ್ಟಿ ಅನ್ನುವುದರ ಅಳತೆ. 2 ಅಂದರೆ ಹೆಚ್ಚುಕಡಿಮೆ ಮನೆಯಲ್ಲಿ ಕಡೆದ ಬೆಣ್ಣೆಯ ಹದ. ಗ್ಯಾರೇಜುಗಳಲ್ಲಿ 'ಎಪಿ ತ್ರೀ' ಅಂತ ಕರೆಯುವುದು ಲಿಥಿಯಂ ಜಾತಿಯ 3ನೇ ನಂಬರಿನದು. ಡ್ರಮ್ ಬ್ರೇಕ್ ಇರುವ ಹಳೆಯ ಗಾಡಿಗೆ ಅದು ಧಾರಾಳ ಸಾಕು.

ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ಅಥವಾ ಘಾಟಿಯಲ್ಲಿ ದಿನಾ ಓಡಿಸುವವರಾದರೆ ಲಿಥಿಯಂ ಕಾಂಪ್ಲೆಕ್ಸ್‌ಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ. ಸಾಮಾನ್ಯ ಲಿಥಿಯಂ ಗ್ರೀಸ್ ಸುಮಾರು 180-190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ತೊಟ್ಟಿಕ್ಕುತ್ತದೆ. ಕಾಂಪ್ಲೆಕ್ಸ್ 250 ಡಿಗ್ರಿ ದಾಟುವವರೆಗೂ ತಡೆಯುತ್ತದೆ. ಡಬ್ಬಿಯ ಮೇಲೆ ಜಿಸಿ-ಎಲ್‌ಬಿ ಅನ್ನುವ ಗುರುತಿದ್ದರೆ ವೀಲ್ ಬೇರಿಂಗಿಗೆ ಆಗಿಬರುತ್ತದೆ ಅಂತ ಅರ್ಥ.

ಹಾಕಬಾರದ್ದು ಯಾವುದು ಅಂದರೆ, ಪಟ್ಟಾಗೆ ಹಚ್ಚುವ ಕಪ್ಪು ಗ್ರಾಫೈಟ್ ಗ್ರೀಸ್ ಮತ್ತು ಅಗ್ಗದ ಕ್ಯಾಲ್ಸಿಯಂ ಚಾಸಿಸ್ ಗ್ರೀಸ್. ಎರಡನೆಯದು ನೀರಿಗೆ ಜಗ್ಗುವುದಿಲ್ಲ ನಿಜ, ಆದರೆ 100 ಡಿಗ್ರಿಯ ಹತ್ತಿರ ಬರುವಾಗಲೇ ಸೋಲುತ್ತದೆ. ನಾರುನಾರಾದ ಹಳೆಯ ಸೋಡಿಯಂ ಗ್ರೀಸ್ ಇದಕ್ಕೆ ಉಲ್ಟಾ. ಅದು ಬಿಸಿ ತಡೆಯುತ್ತಿತ್ತು, ನೀರಿನಲ್ಲಿ ಸಾಬೂನಿನಂತೆ ಕರಗಿಹೋಗುತ್ತಿತ್ತು.

ಹಳೆಯ ಗ್ರೀಸ್ ಮೇಲೆ ಹೊಸದನ್ನು ಸೇರಿಸಬಹುದಾ?

ಬೇಡ. ಲಿಥಿಯಂ ಜೊತೆ ಪಾಲಿಯೂರಿಯಾ ಅಥವಾ ಜೇಡಿ ಆಧಾರದ ಗ್ರೀಸ್ ಸೇರಿದರೆ ಎರಡೂ ತಮ್ಮ ಗಟ್ಟಿತನ ಕಳೆದುಕೊಂಡು ನೀರಾಗಿ ಹೊರಗೆ ಬರಬಹುದು. ಕೆಂಪು, ನೀಲಿ, ಹಸಿರು ಅಂತ ಬಣ್ಣ ನೋಡಿ ಜಾತಿ ಹೇಳಲು ಆಗುವುದಿಲ್ಲ, ಅದು ಬರೀ ಬಣ್ಣ. ಇಷ್ಟಕ್ಕೂ ಹಳೆಯ ಗ್ರೀಸಿನಲ್ಲಿರುವ ಮಣ್ಣನ್ನು ತೆಗೆಯುವುದೇ ಈ ಕೆಲಸದ ಉದ್ದೇಶ ಅಲ್ವಾ?

ಹಬ್‌ಗೆ ಒಂದು ನಿಪ್ಪಲ್ ಕೂರಿಸಿ ಗ್ರೀಸ್ ಗನ್‌ನಿಂದ ಹೊಡೆದರೆ?

ದಯವಿಟ್ಟು ಬೇಡ. ಒತ್ತಿದ ಗ್ರೀಸ್ ಸೀಲನ್ನು ಹೊರಕ್ಕೆ ತಳ್ಳಿ ನೇರ ಬ್ರೇಕ್ ಲೈನರ್ ಮೇಲೆ ಕೂರುತ್ತದೆ.

ಏನೇನು ಸಾಮಾನು ಬೇಕು?

ಜಾಕಿ, ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಇಡಲು ಮರದ ತುಂಡು, ಸೀಮೆಎಣ್ಣೆ ಅಥವಾ ಡೀಸೆಲ್, ಅಗಲ ಬಾಯಿಯ ಪಾತ್ರೆ, ಬ್ರಷ್, ನೂಲು ಬಿಡದ ಬಟ್ಟೆ, ಹೊಸ ಆಯಿಲ್ ಸೀಲ್, ಹೊಸ ಸ್ಪ್ಲಿಟ್ ಪಿನ್ ಅಥವಾ ಲಾಕ್ ವಾಷರ್. ಹಿತ್ತಾಳೆಯ ಪಂಚ್ ಇದ್ದರೆ ಒಳ್ಳೆಯದು.

ಜೀಪಿಗೆ ಮಾತ್ರ ಒಂದು ವಿಶೇಷ ಸ್ಪ್ಯಾನರ್ ಬೇಕು. ಹಬ್ಬಿನ ಒಳಗಿನ ದೊಡ್ಡ ನಟ್ಟುಗಳ ಅಳತೆ ಎರಡು ಇಂಚು ಮತ್ತು ಒಂದು ಹದಿನಾರಾಂಶ, ಅಂದರೆ ಸುಮಾರು 52 ಮಿಲಿಮೀಟರ್. ಅದಕ್ಕೆ ತೆಳು ಗೋಡೆಯ ಉದ್ದನೆ ಬಾಕ್ಸ್ ಸಿಗುತ್ತದೆ. ನಮ್ಮಲ್ಲಿ ಅನೇಕರು ಉಳಿ-ಸುತ್ತಿಗೆಯಲ್ಲಿ ಹೊಡೆದು ತಿರುಗಿಸುತ್ತಾರೆ. ಹಳೆಯ ಜೀಪು ಬಿಚ್ಚಿದರೆ ಆ ನಟ್ಟಿನ ಮೂಲೆಗಳೆಲ್ಲ ಕಚ್ಚಿಹೋಗಿರುವುದು ಅದಕ್ಕೇ. ಹೊಡೆದಾಗ ಉದುರುವ ಲೋಹದ ಚೂರು ಎಲ್ಲಿಗೆ ಹೋಗುತ್ತದೆ ಹೇಳಿ? ಬೇರಿಂಗಿನೊಳಕ್ಕೆ.

ಜೀಪಿನ ಮುಂದಿನ ಹಬ್ ಬಿಚ್ಚುವ ಕ್ರಮ ಏನು?

ಸಮತಟ್ಟಾದ ಗಟ್ಟಿ ನೆಲ ನೋಡಿಕೊಳ್ಳಿ. ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಡಿ. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸಡಿಲಿಸಿ. ವಿಲ್ಲಿಸ್ ಮೂಲದ ಹಳೆಯ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್ ಇರುತ್ತವೆ, ಗೊತ್ತಿಲ್ಲದೆ ಪೈಪ್ ಹಾಕಿ ಎಳೆದರೆ ಸ್ಟಡ್ ಮುರಿಯುತ್ತದೆ. ಎತ್ತಿದ ಮೇಲೆ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕೈ ಹಾಕಬೇಡಿ.

ಮಧ್ಯದ ಕ್ಯಾಪ್ ತೆಗೆದು ಆಕ್ಸಲ್ ತುದಿಯ ನಟ್ಟನ್ನೋ ಸರ್ಕ್ಲಿಪ್ಪನ್ನೋ ಬಿಡಿಸಿ. ಡ್ರೈವ್ ಫ್ಲಾಂಜಿನ (ಆಕ್ಸಲ್ಲನ್ನು ಹಬ್ಬಿಗೆ ಸೇರಿಸುವ ತಟ್ಟೆ) ಆರು ಬೋಲ್ಟ್ ಬಿಚ್ಚಿ ಫ್ಲಾಂಜ್ ಎಳೆಯಿರಿ. ಒಳಗೆ ಎರಡು ದೊಡ್ಡ ನಟ್ಟು, ನಡುವೆ ಮಡಚಿದ ಲಾಕ್ ವಾಷರ್ ಇರುತ್ತದೆ. ಮಡಿಕೆ ಬಿಡಿಸಿ, ಹೊರಗಿನ ನಟ್ಟು, ವಾಷರ್, ಒಳಗಿನ ನಟ್ಟು, ಹೀಗೆ ಬಂದ ಕ್ರಮದಲ್ಲೇ ಹಳೆಯ ಪೇಪರ್ ಮೇಲೆ ಜೋಡಿಸಿಡಿ. ಡ್ರಮ್ ಎಳೆಯುವಾಗ ಹೊರಗಿನ ಕೋನ್ ಮುಂದಕ್ಕೆ ಜಾರಿ ಬರುತ್ತದೆ, ಕೈ ಒಡ್ಡಿರಿ. ಡ್ರಮ್ ಸಿಕ್ಕಿಕೊಂಡರೆ ಬ್ರೇಕ್ ಶೂ ಅಡ್ಜಸ್ಟರ್ ಸಡಿಲ ಮಾಡಿ. ಒಳಗಿನ ಕೋನ್ ಸೀಲಿನ ಹಿಂದೆ ಇರುತ್ತದೆ, ಸೀಲ್ ಮೀಟಿ ತೆಗೆದರೆ ಬರುತ್ತದೆ.

ಡ್ರಮ್ಮಿನಲ್ಲಿರುವ ಧೂಳನ್ನು ಊದಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಬ್ಬಿನೊಳಗೆ ಗ್ರೀಸಿನ ಬದಲು ತೆಳ್ಳನೆ, ಕಟು ವಾಸನೆಯ ಎಣ್ಣೆ ಸಿಕ್ಕಿತಾ? ಅದು ಆಕ್ಸಲ್ಲಿನ ಗೇರ್ ಆಯಿಲ್. ಒಳಗಿನ ಆಕ್ಸಲ್ ಸೀಲ್ ಸೋರುತ್ತಿದೆ. ಅದನ್ನು ಸರಿಮಾಡದೆ ಹೊಸ ಗ್ರೀಸ್ ಹಾಕಿದರೆ ಸ್ವಲ್ಪ ದಿನದಲ್ಲೇ ತೊಳೆದುಹೋಗುತ್ತದೆ.

ತೊಳೆದ ಮೇಲೆ ಗಾಳಿ ಹೊಡೆದು ಒಣಗಿಸಬಹುದಾ?

ಗಾಳಿ ಹೊಡೆಯಿರಿ, ಬೇರಿಂಗ್ ತಿರುಗಲು ಮಾತ್ರ ಬಿಡಬೇಡಿ. ಪಂಪಿನ ಗಾಳಿಗೆ ಗಿರ್ರನೆ ತಿರುಗುವುದು ನೋಡಲು ಮಜಾ ಇರಬಹುದು, ಆದರೆ ಎಣ್ಣೆಯ ಪಸೆ ಇಲ್ಲದ ರೋಲರ್‌ಗೆ ಗೀರು ಬೀಳುತ್ತದೆ. ರೋಲರ್‌ಗಳನ್ನು ಹಿಡಿದಿಡುವ ಕೇಜ್ ಒಡೆದು ರೋಲರ್ ಮುಖಕ್ಕೆ ಹಾರಿದ್ದೂ ಉಂಟು. ಪೆಟ್ರೋಲಿನಲ್ಲಿ ತೊಳೆಯಬೇಡಿ, ಒಂದು ಕಿಡಿ ಸಾಕು. ಸೀಮೆಎಣ್ಣೆಯ ಪಸೆ ಪೂರ್ತಿ ಆರದೆ ಗ್ರೀಸ್ ತುಂಬಿದರೆ ಹೊಸ ಗ್ರೀಸ್ ತೆಳ್ಳಗಾಗುತ್ತದೆ.

ಹಳೆಯ ಬೇರಿಂಗ್ ಮತ್ತೆ ಹಾಕಬಹುದಾ ಅಂತ ಹೇಗೆ ತೀರ್ಮಾನಿಸುವುದು?

ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟದ ಭಾಗ ಇದು. ತೊಳೆದ ಕೋನ್ ಮತ್ತು ಕಪ್ ಎರಡನ್ನೂ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ.

ಮೈ ನಯವಾಗಿ, ಒಂದೇ ಸಮನಾಗಿ ಹೊಳೆಯುತ್ತಿದ್ದರೆ ಧೈರ್ಯವಾಗಿ ಹಾಕಿ. ಹೊಳಪು ಮಾಸಿ ಬೂದು ಬಣ್ಣಕ್ಕೆ ಬಂದಿದ್ದರೆ ಗ್ರೀಸಿನಲ್ಲಿದ್ದ ನುಣ್ಣನೆಯ ಮಣ್ಣು ಉಜ್ಜಿದೆ. ಕಪ್ಪಿನ ಮೇಲೆ ರೋಲರ್‌ಗಳ ಅಂತರಕ್ಕೆ ಸರಿಯಾಗಿ ಕಪ್ಪು, ಕಂದು ಗೆರೆಗಳಿದ್ದರೆ ನೀರು ಸೇರಿದ ಮೇಲೆ ಗಾಡಿ ಒಂದೇ ಕಡೆ ನಿಂತಿತ್ತು. ಗೆರೆ ಬರೀ ಕಲೆಯಾದರೆ ಸರಿ, ಉಗುರಿಗೆ ತಾಗುವಷ್ಟು ತಿಂದಿದ್ದರೆ ಬಿಸಾಡಿ. ಅದೇ ಅಂತರದಲ್ಲಿ ತಗ್ಗುಗಳಿದ್ದು ತುಕ್ಕು ಇಲ್ಲದಿದ್ದರೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಒಂದೋ ಗುಂಡಿಗೆ ಜೋರಾಗಿ ಬಿದ್ದಿದೆ, ಇಲ್ಲವೇ ಯಾರೋ ಕೂರಿಸುವಾಗ ಸುತ್ತಿಗೆಯಲ್ಲಿ ಹೊಡೆದಿದ್ದಾರೆ. ಮೈಯಿಂದ ಚಕ್ಕೆ ಎದ್ದಿದ್ದರೆ ಲೋಹ ದಣಿದಿದೆ, ಅದಕ್ಕೆ ಮದ್ದಿಲ್ಲ. ನೀಲಿ ಬಣ್ಣ ಕಂಡರೆ ವಿಪರೀತ ಕಾದಿದೆ. ರೋಲರ್‌ಗಳ ದಪ್ಪ ತುದಿ ಕೆರೆದುಹೋಗಿದ್ದರೆ ನಟ್ಟು ಬಿಗಿಯಾಗಿತ್ತೋ ಗ್ರೀಸ್ ಒಣಗಿತ್ತೋ ಎಂದು ಯೋಚಿಸಿ.

ಕೋನ್ ಮತ್ತು ಕಪ್ ಜೊತೆಯಾಗಿ ಸವೆದಿರುತ್ತವೆ. ಹಾಗಾಗಿ ಎಡ-ಬಲ, ಒಳ-ಹೊರ ಅದಲುಬದಲು ಮಾಡಬೇಡಿ. ಒಂದನ್ನು ಬದಲಿಸಿದರೆ ಅದರ ಜೋಡಿಯನ್ನೂ ಬದಲಿಸಿ. ಕಪ್ ಹೊಡೆಯುವುದು ಕಷ್ಟ ಅಂತ ಹಳೆಯ ಕಪ್ಪಿಗೆ ಹೊಸ ಕೋನ್ ಹಾಕಿ ಕಳಿಸುವ ಗ್ಯಾರೇಜುಗಳಿವೆ. ಎದುರಿಗೆ ನಿಂತು ಕೇಳಿ.

ಕಪ್ ತೆಗೆದು ಹಾಕುವುದು ಮನೆಯಲ್ಲಿ ಆಗುತ್ತದಾ?

ಆಗುತ್ತದೆ. ಹಬ್ಬಿನ ಒಳಗಿಂದ ಪಂಚ್ ಇಟ್ಟು ಎದುರುಬದುರು ಸ್ವಲ್ಪ ಸ್ವಲ್ಪವೇ ಹೊಡೆಯಿರಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಹೊಸ ಕಪ್ಪನ್ನು ಒಂದೆರಡು ಗಂಟೆ ಫ್ರೀಜರ್‌ನಲ್ಲಿಟ್ಟರೆ ಕೂರಿಸಲು ಸುಲಭ. ಹಳೆಯ ಕಪ್ಪಿನ ಹೊರ ಅಂಚು ಸ್ವಲ್ಪ ಉಜ್ಜಿ ತೆಳ್ಳಗೆ ಮಾಡಿ ಅದನ್ನೇ ಮೇಲಿಟ್ಟು ಹೊಡೆಯಬಹುದು. ತಳಕ್ಕೆ ಕೂತ ಕೂಡಲೇ ಪೆಟ್ಟಿನ ಸದ್ದು ಗಟ್ಟಿಯಾಗಿ ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಗ್ರೀಸ್ ತುಂಬುವುದು ಹೇಗೆ, ಎಷ್ಟು?

ಬೇರಿಂಗ್ ಮೇಲೆ ಹಚ್ಚಿದರೆ ಸಾಲದು, ರೋಲರ್‌ಗಳ ಸಂದಿಗೆ ಹೋಗಬೇಕು. ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟುಕೊಂಡು ಕೋನಿನ ಅಗಲ ತುದಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಕೆರೆಯಿರಿ. ಮೇಲಿನ ಸಂದಿಯಿಂದ ಗ್ರೀಸ್ ಹೊರಗೆ ಇಣುಕಿದರೆ ಆ ಜಾಗ ತುಂಬಿದೆ. ಸ್ವಲ್ಪ ತಿರುಗಿಸಿ ಮುಂದಿನ ಜಾಗ. ಕೈ ಕೊಳೆಯಾಗುವುದು ಬೇಡ ಅನ್ನುವವರು ದಪ್ಪ ಪಾಲಿಥಿನ್ ಕವರಿನಲ್ಲಿ ಕೋನ್ ಮತ್ತು ಗ್ರೀಸ್ ಹಾಕಿ ಹೊರಗಿಂದ ಹಿಚುಕಬಹುದು.

ಕಪ್ಪಿಗೂ ಆಯಿಲ್ ಸೀಲಿನ ತುಟಿಗೂ ತೆಳ್ಳಗೆ ಹಚ್ಚಿ. ಎರಡು ಬೇರಿಂಗುಗಳ ನಡುವಿನ ಹಬ್ಬಿನ ಜಾಗವನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತುಂಬಿದರೆ ಸಾಕು. ಗೋಡೆಗೆ ಬಳಿದ ಆ ಗ್ರೀಸ್ ಬೇರಿಂಗಿನದು ಹರಿದುಹೋಗದಂತೆ ತಡೆಯುತ್ತದೆ. ಪೂರ್ತಿ ಗಿಡಿದು ತುಂಬಿದರೆ ಬಿಸಿಗೆ ಹಿಗ್ಗಿ ಸೀಲ್ ದಾಟುತ್ತದೆ. ಡಸ್ಟ್ ಕ್ಯಾಪ್ ಇರುವ ಗಾಡಿಯಲ್ಲಿ ಅದರ ಒಳಮೈಗೆ ತುಕ್ಕು ಹಿಡಿಯದಷ್ಟು ಸವರಿ.

ಹೊಸ ಸೀಲ್ ಕೂರಿಸುವಾಗ ತುಟಿ ಗ್ರೀಸಿನ ಕಡೆಗೆ ಇರಲಿ. ಮೇಲೆ ಮರದ ಹಲಗೆ ಇಟ್ಟು ಸಮನಾಗಿ ತಟ್ಟಿ. ಹಳೆಯ ಸೀಲನ್ನೇ ಮತ್ತೆ ಹಾಕಿ ಉಳಿಸುವ ದುಡ್ಡು ಉಳಿತಾಯವಲ್ಲ.

ನಟ್ಟು ಎಷ್ಟು ಬಿಗಿಯಬೇಕು?

ಅತಿ ಹೆಚ್ಚು ಬೇರಿಂಗ್ ಕೊಲ್ಲುವುದು ಇದೇ ಹಂತ. 'ಚಕ್ರ ಅಲ್ವಾ, ಗಟ್ಟಿ ಇರಲಿ' ಅಂತ ಮೈಮೇಲೆ ಬಂದವರ ಹಾಗೆ ಬಿಗಿಯುತ್ತಾರೆ.

ಟೇಪರ್ ರೋಲರ್ ಬೇರಿಂಗಿಗೆ ಸ್ವಲ್ಪ ಆಟ ಬೇಕು. ಸಾಮಾನ್ಯ ಲೆಕ್ಕ 0.03ರಿಂದ 0.13 ಮಿಲಿಮೀಟರ್. ಓಡುವಾಗ ಬಿಸಿಗೆ ಭಾಗಗಳು ಹಿಗ್ಗಿ ಆ ಆಟ ತುಂಬಿಕೊಳ್ಳುತ್ತದೆ. ಮೊದಲೇ ಆಟ ಇಲ್ಲದಿದ್ದರೆ ರೋಲರ್‌ಗಳು ಕಪ್ಪಿಗೆ ಒತ್ತಿಕೊಳ್ಳುತ್ತವೆ. ಅದರಿಂದ ಮತ್ತಷ್ಟು ಬಿಸಿ, ಬಿಸಿಗೆ ಗ್ರೀಸ್ ತೆಳು, ಮತ್ತೆ ಬಿಸಿ. ಕೊನೆಗೆ ಬೇರಿಂಗ್ ಕಚ್ಚಿಕೊಂಡು ಚಕ್ರವೇ ಕಳಚಿದ ಗಾಡಿಗಳಿವೆ.

ಕ್ಯಾಸಲ್ ನಟ್ಟಿನ ಗಾಡಿಯಲ್ಲಿ ಹೀಗೆ ಮಾಡಿ. ಚಕ್ರ ತಿರುಗಿಸುತ್ತಲೇ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿಯಿರಿ. ರೋಲರ್‌ಗಳು ತಮ್ಮ ಜಾಗಕ್ಕೆ ಕೂರಲಿ. ಆಮೇಲೆ ನಟ್ಟನ್ನು ಪೂರ್ತಿ ಸಡಿಲಿಸಿ. ಈಗ ಸ್ಪ್ಯಾನರ್ ಕೆಳಗಿಟ್ಟು ಬೆರಳಲ್ಲೇ ಬಿಗಿಯಿರಿ. ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ಮುಂದಕ್ಕೆ ಬಿಗಿಯದೆ, ಹಿಂದಿನ ತೂತಿಗೆ ಸಡಿಲಿಸಿ. ಪಿನ್ ಯಾವಾಗಲೂ ಹೊಸದು. ತಂತಿ ತುಂಡು, ಮೊಳೆ ಬೇಡ.

ಜೀಪಿನಲ್ಲಿ ಒಳಗಿನ ನಟ್ಟನ್ನು ಚಕ್ರ ತಿರುಗಿಸುತ್ತಾ ಚಕ್ರ ಬಿಗಿಹಿಡಿಯುವವರೆಗೆ ಬಿಗಿದು, ಒಂದು ಸುತ್ತಿನ ಆರನೇ ಒಂದು ಭಾಗದಷ್ಟು ಹಿಂದಕ್ಕೆ ಬಿಡಬೇಕು. ಆಮೇಲೆ ಲಾಕ್ ವಾಷರ್, ಹೊರಗಿನ ನಟ್ಟು. ಹೊರಗಿನದನ್ನು ಬಿಗಿದಾಗ ಅದು ಒಳಗಿನ ನಟ್ಟನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತುತ್ತದೆ. ಹಾಗಾಗಿ ಎಲ್ಲ ಬಿಗಿದ ಮೇಲೆ ಇನ್ನೊಮ್ಮೆ ಚಕ್ರ ತಿರುಗಿಸಿ, ಅಲ್ಲಾಡಿಸಿ ನೋಡಿ. ಸರಾಗವಾಗಿ ತಿರುಗಬೇಕು, ಅಲ್ಲಾಟ ಇದ್ದೂ ಇಲ್ಲದಂತಿರಬೇಕು. ಸರಿ ಅನಿಸಿದ ಮೇಲೆ ವಾಷರಿನ ಮಡಿಕೆ ಮಡಚಿ.

ಮಾರುತಿ 800ಕ್ಕೂ ಇದೇ ಲೆಕ್ಕವಾ?

ಅಲ್ಲ. ಅದರ ಹಿಂದಿನ ಡ್ರಮ್ಮಿನಲ್ಲಿ ಎರಡು ಬಾಲ್ ಬೇರಿಂಗ್, ನಡುವೆ ಒಂದು ಸ್ಪೇಸರ್ ಇರುತ್ತದೆ. ಅಲ್ಲಿ ಅಂತರ ಕಾಯುವುದು ಸ್ಪೇಸರ್. ನಟ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಕೈಪಿಡಿ ಹೇಳಿದಷ್ಟು ಗಟ್ಟಿ ಬಿಗಿಯಬೇಕು. ಇಲ್ಲಿ ಜೀಪಿನ ಥರ ಸಡಿಲ ಬಿಟ್ಟರೆ ಬೇರಿಂಗಿನ ಒಳ ಉಂಗುರ ಆಕ್ಸಲ್ ಮೇಲೆ ಜಾರಿ ಅದನ್ನೇ ಸವೆಸುತ್ತದೆ. ಬಿಚ್ಚಿದಾಗ ಸ್ಪೇಸರ್ ಕಳೆಯಬೇಡಿ. ಮುಂದಿನ ಚಕ್ರದ್ದು ಸ್ಟೀರಿಂಗ್ ನಕಲ್ (ಚಕ್ರದೊಂದಿಗೆ ಹೊರಳುವ ಎರಕದ ತುಂಡು) ಒಳಗೆ ಒತ್ತಿ ಕೂರಿಸಿದ್ದು, ಅದಕ್ಕೆ ಪ್ರೆಸ್ ಬೇಕು. ಮನೆಯಲ್ಲಿ ಸುತ್ತಿಗೆಯಿಂದ ಪ್ರಯತ್ನಿಸುವುದಕ್ಕಿಂತ ಲೇತ್ ಅಂಗಡಿಗೆ ಒಯ್ಯಿರಿ.

ಬೇರಿಂಗ್ ಎಲ್ಲಿ ಸಿಗುತ್ತದೆ? ನಕಲಿ ಹೇಗೆ ತಿಳಿಯುವುದು?

ಗಾಡಿಯ ಹೆಸರು ಹೇಳದೆ ನಂಬರ್ ಹೇಳಿ ಕೇಳಿ. ಬೇರಿಂಗಿನ ಅಂಚಲ್ಲಿ ಕೊರೆದಿರುತ್ತದೆ, ಒರೆಸಿ ಫೋಟೋ ತೆಗೆದುಕೊಳ್ಳಿ. ವಿಲ್ಲಿಸ್ ಬಗೆಯ ಜೀಪಿನ ಮುಂದಿನ ಹಬ್ಬಿಗೆ ಕೋನ್ 18590, ಕಪ್ 18520, ಒಳಗೂ ಹೊರಗೂ ಅದೇ. ಬಾಲ್ ಬೇರಿಂಗಾದರೆ 6205 ಥರದ ನಂಬರ್. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳ ತೂತಿನ ಅಳತೆ, ಇಲ್ಲಿ 25 ಮಿಲಿಮೀಟರ್. ನಂಬರ್ ಇದ್ದರೆ ಕಾರಿನ ಸ್ಪೇರ್ ಅಂಗಡಿಗೇ ಹೋಗಬೇಕೆಂದಿಲ್ಲ, ಬೇರಿಂಗ್ ಮಾರುವ ಯಾವ ಅಂಗಡಿಯಲ್ಲೂ ಸಿಗಬಹುದು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಹೇಗೂ ಇದೆ.

ದೊಡ್ಡ ಕಂಪನಿಗಳ ಹೆಸರಿನ ನಕಲಿಗಳು ಧಾರಾಳ. ಪೆಟ್ಟಿಗೆ ಒಳ್ಳೆಯದು ಅಂತ ನಂಬಬೇಡಿ. ಅಕ್ಷರ ಮಸುಕಾಗಿ, ಸೊಟ್ಟಗೆ ಕೊರೆದಿದ್ದರೆ, ದರ ನಂಬಲಾಗದಷ್ಟು ಕಡಿಮೆ ಇದ್ದರೆ ಬಿಡಿ. ಎಸ್‌ಕೆಎಫ್‌ನದಾದರೆ ಅವರದೇ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಲೈನರ್ ಮೇಲೆ ಗ್ರೀಸ್ ಬಿದ್ದರೆ?

ಡ್ರಮ್ ತೊಳೆದರೆ ಸರಿಹೋಗುತ್ತದೆ. ಲೈನರ್ ಗ್ರೀಸ್ ಕುಡಿದಿದ್ದರೆ ಉಜ್ಜಿದರೂ, ಸುಟ್ಟರೂ ಬಿಸಿಗೆ ಮತ್ತೆ ಹೊರಗೆ ಬರುತ್ತದೆ. ಬ್ರೇಕ್ ಒಂದೇ ಕಡೆಗೆ ಎಳೆಯುತ್ತದೆ. ಎರಡೂ ಪಕ್ಕದ್ದು ಒಟ್ಟಿಗೆ ಬದಲಿಸಿ.

ವರ್ಷಕ್ಕೆ ನಾಲ್ಕು ಸಲ ಮಾತ್ರ ಶೆಡ್ಡಿನಿಂದ ಹೊರಬರುವ ಕಾರಿಗೂ ಇದೆಲ್ಲ ಬೇಕಾ?

ಬೇಕು, ಓಡುವ ಗಾಡಿಗಿಂತ ಕಾರಣ ಬೇರೆ. ನಿಂತ ಗಾಡಿಯಲ್ಲಿ ಗ್ರೀಸಿನ ಎಣ್ಣೆ ಬೇರ್ಪಟ್ಟು ಕೆಳಕ್ಕೆ ಇಳಿಯುತ್ತದೆ, ಮಳೆಗಾಲದ ತೇವ ಒಳಗೆ ಕೂರುತ್ತದೆ. ತಿಂಗಳಿಗೊಮ್ಮೆ ಒಂದಿಷ್ಟು ದೂರ ಓಡಿಸಿ. ಅದೂ ಆಗದಿದ್ದರೆ ಒಂದೆರಡು ಅಡಿ ತಳ್ಳಿ ನಿಲ್ಲಿಸಿ, ರೋಲರ್‌ಗಳು ಜಾಗ ಬದಲಿಸಲಿ. ಗ್ರೀಸ್ ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಕೆಲಸ ಮುಗಿದ ಮೇಲೆ ಸರಿಯಾಗಿದೆಯಾ ಅಂತ ನೋಡುವುದು ಹೇಗೆ?

ಹತ್ತು-ಹದಿನೈದು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕ್ ಜಾಸ್ತಿ ಬಳಸದೆ ನಿಲ್ಲಿಸಿ, ಹಬ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಟ್ಟು ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಒಂದು ಪಕ್ಕ ಮಾತ್ರ ಬಿಸಿ ಇದ್ದರೂ ಸುಮ್ಮನಿರಬೇಡಿ. ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಜಾಕಿ ಕೊಟ್ಟು ಆಟ ನೋಡಿ. ಹೊಸ ಕಪ್ ಹಾಕಿದ್ದರೆ ಅದು ಇನ್ನೂ ಸ್ವಲ್ಪ ಕೂತು ಆಟ ಜಾಸ್ತಿಯಾಗಿರುವುದುಂಟು.

ಸದ್ದು ಬರುತ್ತಿದೆ, ಆದರೆ ನಾಳೆ ಊರಿಗೆ ಹೋಗಬೇಕು. ಹೋಗಬಹುದಾ?

ಬರೀ ಗುಂಯ್ ಸದ್ದು, ಆಟ ಇಲ್ಲ, ಹಬ್ ಬಿಸಿ ಇಲ್ಲ ಅಂದರೆ ಹತ್ತಿರದ ಗ್ಯಾರೇಜಿನವರೆಗೆ ನಿಧಾನಕ್ಕೆ ಹೋಗಬಹುದು. ಕಟಕಟ ಅನ್ನುತ್ತಿದ್ದರೆ, ಚಕ್ರ ಕೈಗೆ ಅಲ್ಲಾಡುತ್ತಿದ್ದರೆ, ಬ್ರೇಕ್ ಪೆಡಲ್ ಒಮ್ಮೊಮ್ಮೆ ಆಳಕ್ಕೆ ಹೋಗುತ್ತಿದ್ದರೆ ಬಸ್ಸಿಗೆ ಹೋಗಿ.